ಪರ್ವತಿಥಿಗಳೂ ಚಂದ್ರನ ಕಲೆಗಳೂ

ಪ್ರತಿ ಪಕ್ಷದ ಅಷ್ಟಮಿ ಮತ್ತು ಚತುರ್ದಶಿ ಶ್ರಾವಕ-ಶ್ರಾವಿಕೆಯರಿಗೆ ಪರ್ವದಿನಗಳು. ತಿಂಗಳಿಗೆ ನಾಲ್ಕು ಬಾರಿ ಬರುವ ಈ ದಿನಗಳಲ್ಲಿ ಮಾಡತಕ್ಕ ಪ್ರೋಷಧೋಪವಾಸವನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಶಿಕ್ಷಾವ್ರತಗಳೊಳಗೆ ಸೇರಿಸಿದ್ದಾರೆ. ಸಪ್ತಮಿಯ ಮಧ್ಯಾಹ್ನ ಏಕಭುಕ್ತ ಮುಗಿಸಿ ಆಹಾರತ್ಯಾಗ ಮಾಡಿದವರು ನವಮಿಯ ಮಧ್ಯಾಹ್ನದವರೆಗೆ, ಅಂದರೆ ಹದಿನಾರು ಯಾಮಗಳ ಕಾಲ, ನಿರಾಹಾರರಾಗಿ ಧರ್ಮಧ್ಯಾನದಲ್ಲಿರುವುದು ಅದರ ಉತ್ತಮ ವಿಧಿ. ಇಷ್ಟು ಕಠಿನವಾದ ನಿಯಮವನ್ನು ಕೈಗೊಂಡವರಿಗೆ ಅಷ್ಟಮಿ ಯಾವ ದಿನ ಎಂಬುದು ಸಣ್ಣ ಪ್ರಶ್ನೆಯಲ್ಲ.

ಆದರೆ ಈ ಪ್ರಶ್ನೆಯೇ ಮನೆಮನೆಗಳಲ್ಲಿ ತೊಡಕಾಗುವುದುಂಟು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸುತ್ತಿನ ಊರುಗಳಲ್ಲಿ ಒಂದೇ ಓಣಿಯ ಎರಡು ಮನೆಯವರು ಎರಡು ಪಂಚಾಂಗಗಳನ್ನು ನೋಡಿ ಎರಡು ದಿನ ಉಪವಾಸ ಹಿಡಿದರೆ, ತಪ್ಪಿದವರು ಯಾರೆಂಬ ಮಾತು ಬಸದಿಯ ಕಟ್ಟೆಯ ತನಕ ಬರುತ್ತದೆ. ಒಂದೇ ಮನೆಯಲ್ಲಿ ಅತ್ತೆಯದು ಊರಿನ ಪಂಚಾಂಗ, ಸೊಸೆಯದು ತವರಿನಿಂದ ಬಂದ ಪಂಚಾಂಗವಾದರೆ ಒಬ್ಬರ ಪಾರಣೆಯ ದಿನ ಇನ್ನೊಬ್ಬರ ಉಪವಾಸ! ಇದನ್ನು ಬಿಡಿಸಿಕೊಳ್ಳಲು ತಿಥಿ ಎಂದರೇನೆಂದು ತಿಳಿಯಬೇಕು. ತಿಥಿಯನ್ನು ತಿಳಿಯಲು ಚಂದ್ರನು ಏಕೆ ಬೆಳೆಯುತ್ತಾನೆ, ಏಕೆ ಕರಗುತ್ತಾನೆ ಎಂಬುದನ್ನು ಅರಿಯಬೇಕು.

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನು ಬೆಳಗುವುದು ಸೂರ್ಯನ ಬೆಳಕಿನಿಂದ. ಗ್ರಹಗೋಲಗಳ ಒಂದು ಅರ್ಧ ಸೂರ್ಯನಿಂದ ಬೆಳಗಿರುತ್ತದೆ, ಇನ್ನೊಂದು ಅರ್ಧ ತನ್ನದೇ ನೆರಳಿನಿಂದ ಕಪ್ಪಾಗಿರುತ್ತದೆ ಎಂದು ಆರ್ಯಭಟನು 499ರ ಸುಮಾರಿಗೇ ಹೇಳಿದ್ದನು. ಈ ಅರ್ಧ ಎಂದಿಗೂ ಅರ್ಧವೇ. ಅಮಾವಾಸ್ಯೆಯ ದಿನವೂ ಚಂದ್ರಗೋಲದ ಅರ್ಧಭಾಗ ಬೆಳಗಿಯೇ ಇರುತ್ತದೆ. ಆ ಬೆಳಗಿದ ಮುಖ ಆಗ ಸೂರ್ಯನ ಕಡೆಗಿದ್ದು ನಮಗೆ ಬೆನ್ನು ಮಾತ್ರ ತಿರುಗಿರುತ್ತದೆ. ಹುಣ್ಣಿಮೆಯ ದಿನ ಚಂದ್ರನು ಸೂರ್ಯನಿಗೆ ಎದುರುದಿಕ್ಕಿನಲ್ಲಿರುವುದರಿಂದ ಬೆಳಗಿದ ಮುಖವೆಲ್ಲ ನಮ್ಮ ಕಡೆಗೇ ಇರುತ್ತದೆ. ನಡುವಿನ ದಿನಗಳಲ್ಲಿ ಆ ಅರ್ಧದ ಎಷ್ಟು ಪಾಲು ನಮ್ಮ ಕಣ್ಣಿಗೆ ಬೀಳುತ್ತದೆಯೋ ಅದೇ ಅಂದಿನ ಕಲೆ. ಹೀಗೆ ವೃದ್ಧಿಕ್ಷಯಗಳು ಚಂದ್ರಬಿಂಬದಲ್ಲಿ ಆಗುವುದಿಲ್ಲ, ನಾವು ನೋಡುವ ನೋಟದಲ್ಲಿ ಆಗುತ್ತವೆ.

ಭೂಮಿಯ ನೆರಳು ಬಿದ್ದು ಚಂದ್ರನು ಸವೆಯುತ್ತಾನೆಂಬ ಮಾತು ಓದಿದವರ ಬಾಯಲ್ಲಿಯೂ ಕೇಳಿಬರುತ್ತದೆ. ಅದು ಗ್ರಹಣದ ವಿಷಯ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಹುಣ್ಣಿಮೆಯಂದು ಮಾತ್ರ ಸಾಧ್ಯ. ಚಂದ್ರನ ದಾರಿ ಸೂರ್ಯಪಥಕ್ಕೆ ಸುಮಾರು ಐದು ಅಂಶಗಳಷ್ಟು ಓರೆಯಾಗಿರುವುದರಿಂದ ಎಲ್ಲ ಹುಣ್ಣಿಮೆಗಳಲ್ಲಿಯೂ ಅದು ಬೀಳುವುದಿಲ್ಲ. ಅಷ್ಟಮಿಯ ರಾತ್ರಿ ಸೂರ್ಯಚಂದ್ರರು ಆಕಾಶದಲ್ಲಿ ಕಾಲು ಸುತ್ತು ದೂರದಲ್ಲಿರುವಾಗ ಭೂಮಿಯ ನೆರಳಿಗೂ ಚಂದ್ರನಿಗೂ ಸಂಬಂಧವೇ ಇಲ್ಲ.

ಇದನ್ನು ಪುಸ್ತಕವಿಲ್ಲದೆ ಮಕ್ಕಳಿಗೆ ತೋರಿಸಬಹುದು. ಹೊಲದ ಎರೆಮಣ್ಣಿನಿಂದ ಕಿತ್ತಳೆಹಣ್ಣಿನ ಗಾತ್ರದ ಉಂಡೆ ಮಾಡಿ, ಒಣಗಿಸಿ, ಸುಣ್ಣ ಬಳಿದು ಕಡ್ಡಿಗೆ ಸಿಕ್ಕಿಸಬೇಕು. ಬಹುಳ ಅಷ್ಟಮಿಯ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಸೂರ್ಯನು ಪೂರ್ವದಲ್ಲಿರುತ್ತಾನೆ, ಅರ್ಧಚಂದ್ರನು ಮಸುಕಾಗಿ ಪಶ್ಚಿಮದ ಆಕಾಶದಲ್ಲಿ ಮೇಲಿರುತ್ತಾನೆ. ಬಿಸಿಲಿನಲ್ಲಿ ನಿಂತು ಉಂಡೆಯನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಕೈಚಾಚಿ ಹಿಡಿದು ನೋಡಿದರೆ ಉಂಡೆಯ ಬೆಳಗಿದ ಭಾಗವೂ ಚಂದ್ರನ ಬೆಳಗಿದ ಭಾಗವೂ ಒಂದೇ ಆಕಾರದಲ್ಲಿ, ಒಂದೇ ಕಡೆಗೆ ಕಾಣುತ್ತವೆ. ಎರಡನ್ನೂ ಬೆಳಗುತ್ತಿರುವವನು ಒಬ್ಬನೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಶುದ್ಧ ಅಷ್ಟಮಿಯಾದರೆ ಸಂಜೆ ನಾಲ್ಕರ ಸುಮಾರಿಗೆ ಚಂದ್ರನು ಪೂರ್ವದ ಕಡೆಗಿರುವಾಗ ಹೀಗೆಯೇ ನೋಡಬಹುದು. ರಾತ್ರಿಭೋಜನತ್ಯಾಗದ ಮನೆಗಳಲ್ಲಿ ಸೂರ್ಯಾಸ್ತದ ಹೊತ್ತನ್ನು ಎಲ್ಲರೂ ಗಮನಿಸುತ್ತಾರೆ. ಶುದ್ಧ ಅಷ್ಟಮಿಯ ಸೂರ್ಯಾಸ್ತಕ್ಕೆ ಚಂದ್ರನು ಹೆಚ್ಚುಕಡಿಮೆ ನಡುನೆತ್ತಿಗೆ ಬಂದಿರುತ್ತಾನೆಂಬುದನ್ನು ಗಮನಿಸುವವರು ಕಡಿಮೆ.

ಈಗ ತಿಥಿಯ ಮಾತು. ಅಮಾವಾಸ್ಯೆಯ ಅಂತ್ಯದಲ್ಲಿ ಸೂರ್ಯಚಂದ್ರರು ಒಂದೇ ರೇಖಾಂಶದಲ್ಲಿರುತ್ತಾರೆ. ಅಲ್ಲಿಂದ ಚಂದ್ರನು ಸೂರ್ಯನನ್ನು ಬಿಟ್ಟು ಪೂರ್ವಕ್ಕೆ ಸರಿಯುತ್ತ ಹೋಗಿ ಮತ್ತೆ ಸೂರ್ಯನನ್ನು ಕೂಡಲು ಸರಾಸರಿ 29 ದಿನ 12 ಗಂಟೆ 44 ನಿಮಿಷ ಹಿಡಿಯುತ್ತದೆ. ಈ 360 ಅಂಶಗಳ ಅಂತರವನ್ನು ಮೂವತ್ತು ಪಾಲು ಮಾಡಿದರೆ ಒಂದೊಂದು ಪಾಲಿಗೆ 12 ಅಂಶ. ಅದೇ ಒಂದು ತಿಥಿ. ಎಂಟನೆಯ ತಿಥಿ 84ನೇ ಅಂಶದಲ್ಲಿ ಹುಟ್ಟಿ 96ನೇ ಅಂಶದಲ್ಲಿ ಮುಗಿಯುತ್ತದೆ. ಚಂದ್ರನು ಸರಿಯಾಗಿ ಅರ್ಧ ಕಾಣುವುದು 90ನೇ ಅಂಶದಲ್ಲಿ. ಅಂದರೆ ಅಷ್ಟಮಿಯ ನಟ್ಟನಡುವೆ! ಪರ್ವವೆಂದು ಹಿರಿಯರು ಆರಿಸಿಕೊಂಡ ತಿಥಿ ಬರಿಯ ಎಣಿಕೆಯದಲ್ಲ, ಕಣ್ಣಿಗೆ ಕಾಣುವ ಗುರುತುಳ್ಳದ್ದು. ಚತುರ್ದಶಿಯೂ ಹಾಗೆಯೇ. ಶುದ್ಧ ಚತುರ್ದಶಿಯಲ್ಲಿ ಬಿಂಬದ ನೂರಕ್ಕೆ 96ರಿಂದ 99 ಪಾಲು ಬೆಳಗಿರುತ್ತದೆ. ಬಹುಳ ಚತುರ್ದಶಿಯಲ್ಲಿ ಉಳಿಯುವುದು ಒಂದರಿಂದ ನಾಲ್ಕು ಪಾಲು; ಬೆಳಗಿನ ಜಾವ ಪೂರ್ವದಿಗಂತದ ಮೇಲೆ ಉಗುರಿನ ಗೀರಿನಂತೆ ಅದು ಏಳುತ್ತದೆ. ಭಗವಾನ್ ಮಹಾವೀರರ ನಿರ್ವಾಣವನ್ನು ಸ್ಮರಿಸುವ ಆಶ್ವಯುಜ ಬಹುಳ ಚತುರ್ದಶಿಯ ರಾತ್ರಿ ಕಳೆದು ಅಮಾವಾಸ್ಯೆಯ ಬೆಳಗಾಗುವ ಹೊತ್ತಿಗೆ ಆ ಗೀರೂ ಸೂರ್ಯನ ಪ್ರಭೆಯಲ್ಲಿ ಅಡಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೋನದಲ್ಲಿ ತಿಥಿಗಳೆಲ್ಲ ಸಮವಾದರೂ ಬೆಳಕಿನ ಬೆಳವಣಿಗೆ ಸಮನಲ್ಲ. ಶುದ್ಧ ಪಕ್ಷದ ಮೊದಲ ಐದು ತಿಥಿಗಳಲ್ಲಿ ಬಿಂಬದ ಕಾಲು ಭಾಗ ಮಾತ್ರ ತುಂಬುತ್ತದೆ. ಷಷ್ಠಿಯಿಂದ ದಶಮಿಯವರೆಗಿನ ಐದು ತಿಥಿಗಳಲ್ಲಿ ಅರ್ಧ ಭಾಗ ತುಂಬುತ್ತದೆ. ಕೊನೆಯ ಐದರಲ್ಲಿ ಉಳಿದ ಕಾಲು. ಆದ್ದರಿಂದಲೇ ಅಷ್ಟಮಿಯ ಆಚೀಚೆ ಚಂದ್ರನು ದಿನದಿಂದ ದಿನಕ್ಕೆ ಬೇಗ ಬೆಳೆದಂತೆ ತೋರುತ್ತಾನೆ, ಚತುರ್ದಶಿಗೂ ಹುಣ್ಣಿಮೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಬಂಡಿ ಹೂಡಿಕೊಂಡು ಬರುತ್ತಿದ್ದ ರೈತರಿಗೆ ಎರಡು ದಿನ ಮುಂಚೆಯೇ ದಾರಿಗೆ ಬೇಕಾದ ಬೆಳದಿಂಗಳು ಸಿಗುತ್ತಿದ್ದುದು ಈ ಕಾರಣದಿಂದಲೇ.

ಆಗಮಪರಂಪರೆಯ ಲೋಕವರ್ಣನೆ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಚಂದ್ರನ ವಿಮಾನದ ಕೆಳಗೆ ರಾಹುವಿನ ಕಪ್ಪು ವಿಮಾನವು ಸಂಚರಿಸುತ್ತ ದಿನಕ್ಕೊಂದು ಕಲೆಯಂತೆ ಮರೆಮಾಡುತ್ತದೆ, ಮತ್ತೆ ದಿನಕ್ಕೊಂದರಂತೆ ಬಿಡುತ್ತದೆ ಎಂಬುದು ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿಯೂ, ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಬರುತ್ತದೆ. ದಿನದಿನವೂ ಮರೆಮಾಡುವ ರಾಹು ಬೇರೆ, ಗ್ರಹಣವನ್ನು ಉಂಟುಮಾಡುವ ಪರ್ವರಾಹು ಬೇರೆ ಎಂದು ಎಣಿಸಿದ್ದು ಗಮನಾರ್ಹ. ಕಲೆ ಮತ್ತು ಗ್ರಹಣ ಒಂದೇ ಕಾರಣದಿಂದ ಆಗುವುದಿಲ್ಲವೆಂಬ ವಿವೇಕ ಅಲ್ಲಿದೆ. ಚಂದ್ರಬಿಂಬವು ತನ್ನ ಸ್ವಭಾವದಿಂದಲೇ ಹದಿನೈದು ದಿನ ಕಪ್ಪಾಗುತ್ತ, ಹದಿನೈದು ದಿನ ಬಿಳುಪಾಗುತ್ತ ಪರಿಣಮಿಸುತ್ತದೆ ಎಂಬ ಇನ್ನೊಂದು ಅಭಿಪ್ರಾಯವನ್ನೂ ತಿಲೋಯಪಣ್ಣತ್ತಿ ಜೊತೆಯಲ್ಲಿಯೇ ಇರಿಸಿದೆ. ಎರಡು ಮತಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದನ್ನೂ ಅಳಿಸದಿರುವುದು ಪ್ರಾಚೀನರ ಪ್ರಾಮಾಣಿಕತೆ. ಇಂದಿನ ಖಗೋಳಶಾಸ್ತ್ರ ಕಾರಣವನ್ನು ಬೇರೆಯಾಗಿ ಕಂಡಿದೆ. ಬಿದಿಗೆ ತದಿಗೆಯ ಸಂಜೆ ಕೊಂಕುಗೆರೆಯ ಒಳಗೆ ಉಳಿದ ಬಿಂಬವೂ ಬೂದಿಬಣ್ಣದಲ್ಲಿ ಮಬ್ಬಾಗಿ ಕಾಣುವುದು ಭೂಮಿಯಿಂದ ಮರಳಿದ ಬಿಸಿಲು ಅದರ ಮೇಲೆ ಬೀಳುವುದರಿಂದ. ಅಲ್ಲಿ ಮರೆಯೊಂದು ಇದ್ದಿದ್ದರೆ ಹಾಗೆ ಕಾಣುತ್ತಿರಲಿಲ್ಲ. 2023ರ ಆಗಸ್ಟ್ 23ರಂದು, ಶ್ರಾವಣ ಶುದ್ಧ ಸಪ್ತಮಿಯ ಸಂಜೆ, ಚಂದ್ರಯಾನ-3ರ ನೌಕೆ ಇಳಿದುದು ಬೆಳಗಿದ ಭಾಗದ ಮೇಲೆ. ಇಳಿದ ತಾಣದಲ್ಲಿ ಆಗತಾನೆ ಹಗಲು ಆರಂಭವಾಗಿತ್ತು. ಅಲ್ಲಿಯ ಒಂದು ಹಗಲು ನಮ್ಮ ಸುಮಾರು 14 ದಿನಗಳಷ್ಟು. ಪಕ್ಷವೆಂದು ನಾವು ಎಣಿಸುವ ಕಾಲವೇ ಚಂದ್ರನ ನೆಲಕ್ಕೆ ಒಂದು ಹಗಲು ಅಥವಾ ಒಂದು ಇರುಳು.

ತಿಥಿಯನ್ನು ಎಚ್ಚರದಿಂದ ಕಾಪಾಡಿಕೊಂಡು ಬಂದ ನಾಡು ಇದು. ಕಿತ್ತೂರಿನ ನೆರೆಯ ಹಲಸಿಯಲ್ಲಿ, ಅಂದಿನ ಪಲಾಶಿಕೆಯಲ್ಲಿ, ಕದಂಬ ರವಿವರ್ಮನು ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಜಿನೇಂದ್ರನ ಎಂಟು ದಿನದ ಉತ್ಸವ ನಡೆಯಬೇಕೆಂದು ತಾಮ್ರಪಟದಲ್ಲಿ ವಿಧಿಸಿದನು. ಇಂದಿಗೂ ಅಷ್ಟಾಹ್ನಿಕ ಪರ್ವ ಆಷಾಢ, ಕಾರ್ತಿಕ, ಫಾಲ್ಗುಣಗಳಲ್ಲಿ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ, ಅಂದರೆ ಚಂದ್ರನು ಅರ್ಧದಿಂದ ಪೂರ್ಣವಾಗುವ ಎಂಟು ದಿನ, ನಡೆಯುತ್ತದೆ. ಸುಗಂಧವರ್ತಿಯೆಂಬ ಹೆಸರಿನ ಸವದತ್ತಿಯಲ್ಲಿ ರಟ್ಟರ ಪೃಥ್ವೀರಾಮನು ಶಕ 797ರಲ್ಲಿ ಜಿನಾಲಯ ಕಟ್ಟಿಸಿ ಭೂಮಿ ಬಿಟ್ಟುದು ಶಾಸನದಲ್ಲಿದೆ. ಮುನಿಚಂದ್ರದೇವರು ಗುರುಗಳೂ ರಾಜ್ಯಧುರಂಧರರೂ ಆಗಿದ್ದ ಇಮ್ಮಡಿ ಲಕ್ಷ್ಮಿದೇವನ ಕಾಲದವರೆಗೆ ರಟ್ಟರ ಶಾಸನಗಳು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುವ ಪದ್ಧತಿ ಉಳಿಸಿಕೊಂಡವು. ರಾಮದುರ್ಗದ ನೆರೆಯ ನರಗುಂದದ ಜೈನಕವಿ ಶ್ರೀಧರಾಚಾರ್ಯನು 1049ರಲ್ಲಿ ಬರೆದ ಜಾತಕತಿಲಕವೇ ಕನ್ನಡದಲ್ಲಿ ದೊರೆತ ಮೊದಲ ಜ್ಯೋತಿಷ ಗ್ರಂಥ.

ಆದರೂ ಗೊಂದಲವೇಕೆ? ಮೊದಲನೆಯದಾಗಿ ಚಂದ್ರನ ನಡಿಗೆ ಏಕರೂಪವಲ್ಲ. ಅವನ ಸರಾಸರಿ ದೂರ 3,84,400 ಕಿಲೋಮೀಟರ್. ಆದರೆ ದಾರಿ ದೀರ್ಘವೃತ್ತವಾದುದರಿಂದ ಹತ್ತಿರ ಬಂದಾಗ ಅವನು ಬೇಗ ನಡೆಯುತ್ತಾನೆ, ದೂರ ಹೋದಾಗ ನಿಧಾನವಾಗುತ್ತಾನೆ. ಹನ್ನೆರಡು ಅಂಶಗಳನ್ನು ದಾಟಲು ಒಮ್ಮೆ 20 ಗಂಟೆ ಸಾಕಾದರೆ ಇನ್ನೊಮ್ಮೆ 26 ಗಂಟೆಗೂ ಮೀರುತ್ತದೆ. ತಿಥಿ ಅರವತ್ತು ಘಳಿಗೆಗಿಂತ ಐದು ಘಳಿಗೆ ಹೆಚ್ಚಬಹುದು, ಆರು ಘಳಿಗೆ ತಗ್ಗಬಹುದು ಎಂಬುದು ಹಳೆಯ ಸಿದ್ಧಾಂತ ಪಂಚಾಂಗದವರ ಲೆಕ್ಕ. ವೇಧೆಗೆ ಹೊಂದುವ ದೃಕ್ ಗಣಿತದವರು ಏಳು ಘಳಿಗೆ ವೃದ್ಧಿ, ಹತ್ತು ಘಳಿಗೆ ಕ್ಷಯವನ್ನು ಒಪ್ಪುತ್ತಾರೆ. ಇದರಿಂದ ಎರಡು ಪಂಚಾಂಗಗಳಲ್ಲಿ ಒಂದೇ ತಿಥಿಯ ಅಂತ್ಯಕಾಲಕ್ಕೆ ಕೆಲವು ಗಂಟೆಗಳ ವ್ಯತ್ಯಾಸ ಬರಬಹುದು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಈ ಅವ್ಯವಸ್ಥೆಯನ್ನು ವಿಚಾರಿಸಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಮಣ್ಣಿನುಂಡೆ ಹಿಡಿದು ನೋಡುವ ಅರ್ಧಚಂದ್ರನಿಗೆ ಹೊಂದುವುದು ದೃಕ್ ಗಣಿತವೇ. ಈ ವಿಷಯದಲ್ಲಿ ಆಕಾಶದ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಎರಡನೆಯ ಕಾರಣ ಸೂರ್ಯೋದಯ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಊರೂರಿಗೆ ಬೇರೆ. ದಿಗಂಬರ ಪರಂಪರೆಯಲ್ಲಿ ಸೂರ್ಯೋದಯದ ನಂತರ ಆರು ಘಳಿಗೆಯಾದರೂ, ಅಂದರೆ 2 ಗಂಟೆ 24 ನಿಮಿಷವಾದರೂ, ಇರುವ ತಿಥಿಯನ್ನೇ ವ್ರತಕ್ಕೆ ಗ್ರಹಿಸುವುದು ರೂಢಿ; ಅದಕ್ಕಿಂತ ಕಡಿಮೆಯಿದ್ದರೆ ವ್ರತ ಹಿಂದಿನ ದಿನಕ್ಕೆ ಹೋಗುತ್ತದೆ. ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ಒಂದು ಅಷ್ಟಮಿ ಬೆಳಿಗ್ಗೆ 8 ಗಂಟೆ 45 ನಿಮಿಷಕ್ಕೆ ಮುಗಿಯುತ್ತದೆಂದು ಇಟ್ಟುಕೊಳ್ಳೋಣ. ಕಾಶಿಯಲ್ಲಿ ಆಗ ಸೂರ್ಯೋದಯ ಸುಮಾರು ಆರು ಗಂಟೆಗೆ; ಅಷ್ಟಮಿ ಎರಡೂಮುಕ್ಕಾಲು ಗಂಟೆ ಸಿಗುತ್ತದೆ, ಉಪವಾಸ ಅಂದೇ. ಕಿತ್ತೂರು ಕಾಶಿಗಿಂತ ಎಂಟು ಅಂಶಕ್ಕೂ ಹೆಚ್ಚು ಪಶ್ಚಿಮದಲ್ಲಿದೆ. ಇಲ್ಲಿ ಸೂರ್ಯನು ಆರೂವರೆಯ ಸುಮಾರಿಗೆ ಮೂಡುತ್ತಾನೆ. ಅಷ್ಟಮಿ ದೊರೆಯುವುದು ಎರಡೂಕಾಲು ಗಂಟೆ, ಆರು ಘಳಿಗೆಗೆ ಒಂಬತ್ತು ನಿಮಿಷ ಕಡಿಮೆ. ಇಲ್ಲಿಯವರ ಉಪವಾಸ ಹಿಂದಿನ ದಿನ. ಉತ್ತರದೇಶದಲ್ಲಿ ಅಚ್ಚಾದ ಪಂಚಾಂಗವನ್ನು ಗೋಡೆಗೆ ತೂಗಿದವರೂ ಊರಿನ ಸೂರ್ಯೋದಯವನ್ನು ಲೆಕ್ಕ ಹಿಡಿದವರೂ ಬೇರೆ ಬೇರೆ ದಿನ ನಿರಾಹಾರರಾದರೆ ಇಬ್ಬರ ನಿಯಮವೂ ಒಂದೇ. ಬೇರೆಯಾದುದು ಪಂಚಾಂಗದ ಊರು ಮಾತ್ರ. ವ್ರತಭಂಗದ ಮಾತು ಇಲ್ಲಿ ಏಳುವುದಿಲ್ಲ. ಆದರೆ ವ್ರತಸ್ಥರು ತಾವು ವಾಸಿಸುವ ಸ್ಥಳದ ಸೂರ್ಯೋದಯವನ್ನೇ ಹಿಡಿಯುವುದು ಯುಕ್ತ.

ಇದಕ್ಕೆ ಮಾಡಬೇಕಾದ ಕೆಲಸ ಸ್ವಲ್ಪವೇ. ಪಂಚಾಂಗದ ಮೊದಲ ಪುಟದಲ್ಲಿ ಅದನ್ನು ಯಾವ ಊರಿಗೆ ಗಣಿಸಿದೆ ಎಂದು ನೋಡಬೇಕು. ತಿಥಿಯ ಅಂತ್ಯಕಾಲವನ್ನು ಘಳಿಗೆಗಳಲ್ಲಿ ಕೊಟ್ಟಿದ್ದರೆ ಅದು ಆ ಊರಿನ ಸೂರ್ಯೋದಯದಿಂದ ಎಣಿಸಿದ್ದು. ಅಲ್ಲಿಯ ಸೂರ್ಯೋದಯಕ್ಕೆ ಕೂಡಿಸಿ ಗಡಿಯಾರದ ಗಂಟೆಗೆ ತಂದುಕೊಳ್ಳಬೇಕು. ಆ ಗಂಟೆಯಿಂದ ತಮ್ಮೂರಿನ ಸೂರ್ಯೋದಯವನ್ನು ಕಳೆದು ಉಳಿದುದು 2 ಗಂಟೆ 24 ನಿಮಿಷಕ್ಕೆ ಕಡಿಮೆಯಿಲ್ಲವೆಂದು ಖಚಿತಮಾಡಿಕೊಂಡರೆ ಸಾಕು. ಈ ನಾಲ್ಕು ತಾಲೂಕುಗಳೊಳಗೆ ಬೇರೆ ಬೇರೆ ಲೆಕ್ಕ ಬೇಕಿಲ್ಲ. ಪಶ್ಚಿಮದ ಕಿತ್ತೂರಿಗೂ ಪೂರ್ವದ ರಾಮದುರ್ಗಕ್ಕೂ ಸೂರ್ಯೋದಯದಲ್ಲಿ ಇರುವ ಅಂತರ ಹೆಚ್ಚುಕಡಿಮೆ ಎರಡು ನಿಮಿಷ.