ಅಮ್ಮನ ಬಳಿಗೆ ರೈಲಿನಲ್ಲೋ, ವಿಮಾನದಲ್ಲೋ?

ಪ್ರಶ್ನೆ: ನನಗೆ 54 ವರ್ಷ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲೇ ಇದ್ದೇನೆ. ತವರು ಉಡುಪಿ ಹತ್ತಿರ. ಅಣ್ಣ–ಅತ್ತಿಗೆಯ ಜೊತೆಗಿರುವ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಹಿಡಿದಿದ್ದಾರೆ. ನಾನು ಹೋಗಿಬರುವುದೆಲ್ಲ ಮತ್ಸ್ಯಗಂಧ ರೈಲಿನಲ್ಲೇ. ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಒಮ್ಮೆ ವಿಮಾನದಲ್ಲಿ ಹೋಗಿದ್ದೆ. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇನ್ನೇನು ಇಳಿಯಿತು ಅನ್ನುವಾಗ ವಿಮಾನ ಒಮ್ಮೆಲೇ ಮೇಲಕ್ಕೇರಿತು. ಅಲ್ಲೇ ಆದ 2010ರ ಅಪಘಾತವೇ ಕಣ್ಣ ಮುಂದೆ ಬಂತು. ಎರಡನೇ ಸಲ ಸರಿಯಾಗಿ ಇಳಿಯಿತು, ಆದರೆ ಮತ್ತೆ ನಾನು ವಿಮಾನ ಹತ್ತಿಲ್ಲ. ‘ಒಂದೂವರೆ ಗಂಟೆಯ ದಾರಿಗೆ ಇಡೀ ರಾತ್ರಿ ಯಾಕೆ ಕಳೆಯುತ್ತಿ’ ಎಂದು ಯಜಮಾನರೂ ಮಗನೂ ನಗುತ್ತಾರೆ. ಅಮ್ಮನಿಗೆ ಏನಾದರೂ ಆದ ದಿನ ನನ್ನ ಈ ಹೆದರಿಕೆಯಿಂದಲೇ ತಡವಾದರೆ? ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ಮೊದಲಿಗೆ, ನಿಮ್ಮ ಹೆದರಿಕೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2010ರ ಮೇ 22ರ ಬೆಳಗನ್ನು ಕರಾವಳಿಯವರು ಅಷ್ಟು ಸುಲಭದಲ್ಲಿ ಮರೆಯಲಾರರು. ದುಬೈಯಿಂದ ಬಂದ ವಿಮಾನದಲ್ಲಿದ್ದ 166 ಜನರಲ್ಲಿ ಉಳಿದವರು 8 ಮಂದಿ ಮಾತ್ರ. ಅದೇ ಗುಡ್ಡದ ಮೇಲಿನ ರನ್‌ವೇ, ಕಿಟಕಿಯ ಹೊರಗೆ ಮಳೆ, ಇಳಿಯಬೇಕಾದ ವಿಮಾನ ಮತ್ತೆ ಮೇಲಕ್ಕೆ... ಯಾರ ಎದೆಯಾದರೂ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ನಗುವವರು ಆ ದಿನ ನಿಮ್ಮ ಸೀಟಿನಲ್ಲಿ ಕೂತಿರಲಿಲ್ಲ.

ಆದರೆ ಆ ನೆನಪನ್ನು ಇನ್ನೊಂದು ಕಡೆಯಿಂದ ನೋಡೋಣ. 2010ರ ದುರಂತದ ತನಿಖೆಯಲ್ಲಿ ತಿಳಿದುಬಂದದ್ದು ಇಷ್ಟು: ವಿಮಾನ ಇರಬೇಕಾದ್ದಕ್ಕಿಂತ ಹೆಚ್ಚು ಎತ್ತರದಲ್ಲಿ ಬರುತ್ತಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ಚಕ್ರ ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಮುಗಿದುಹೋಗಿತ್ತು. ಈಗ ನಿಮ್ಮ ಪ್ರಯಾಣವನ್ನು ನೆನೆಸಿಕೊಳ್ಳಿ. ಮೋಡವೋ ಗಾಳಿಯೋ ಕಾರಣ ಇರಬಹುದು, ನಿಮ್ಮ ಪೈಲಟ್ ‘ಈಗ ಬೇಡ’ ಎಂದುಕೊಂಡರು, ಮೇಲೆ ಹೋದರು, ಒಂದು ಸುತ್ತು ಹಾಕಿ ನಿಮ್ಮನ್ನು ಸುರಕ್ಷಿತವಾಗಿ ಇಳಿಸಿದರು. ಅಂದು ಆಗಬೇಕಿದ್ದೂ ಆಗದೇ ಹೋದದ್ದು ನಿಮ್ಮ ವಿಮಾನದಲ್ಲಿ ಆಯಿತು. ಪೈಲಟ್‌ಗಳ ಮಾತಿನಲ್ಲಿ ಇದು ಗೋ ಅರೌಂಡ್. ಮಳೆಗಾಲದಲ್ಲಿ ಅಪರೂಪವೂ ಅಲ್ಲ, ಅವರು ಅದನ್ನು ಅಭ್ಯಾಸ ಮಾಡಿಯೇ ಇರುತ್ತಾರೆ. ನಿಮ್ಮನ್ನು ಅಷ್ಟು ಹೆದರಿಸಿದ ಆ ಕ್ಷಣದಲ್ಲೇ ನಿಮ್ಮ ಜೀವದ ಬಗ್ಗೆ ಒಬ್ಬರು ಎಚ್ಚರ ವಹಿಸಿದ್ದರು.

ಇದನ್ನು ಓದಿದ ಕೂಡಲೇ ಹೆದರಿಕೆ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ತಲೆಗೆ ತಿಳಿದದ್ದು ಎದೆಗೆ ಇಳಿಯಲು ಸಮಯ ಬೇಕು. ಒಂದು ಸಲ ತಪ್ಪಿಸಿಕೊಂಡಾಗ ಮನಸ್ಸಿಗೆ ಹಾಯೆನಿಸುತ್ತದೆ, ಮುಂದಿನ ಸಲಕ್ಕೆ ಆ ಭಯ ಇನ್ನೂ ಸ್ವಲ್ಪ ಬಲಿತಿರುತ್ತದೆ. ನಿಮಗೆ ಆಗಿರುವುದೂ ಇದೇ ಇರಬೇಕು.

ಇನ್ನು ರೈಲಿನ ವಿಷಯ. ಮನೆಯವರ ‘ಒಂದೂವರೆ ಗಂಟೆ’ ಲೆಕ್ಕವನ್ನು ಸ್ವಲ್ಪ ತಿದ್ದಬೇಕು. ಡೊಂಬಿವಲಿಯಿಂದ ವಿಮಾನ ನಿಲ್ದಾಣ, ಅಲ್ಲಿ ಎರಡು ಗಂಟೆ ಮೊದಲೇ ಹಾಜರಿ, ಆಮೇಲೆ ಬಜ್ಪೆಯಿಂದ ಉಡುಪಿಗೆ ಟ್ಯಾಕ್ಸಿ. ಮನೆಯಿಂದ ಮನೆಗೆ ಆರೇಳು ಗಂಟೆ ಹಿಡಿದೇ ಹಿಡಿಯುತ್ತದೆ. ರೈಲಾದರೆ ಠಾಣೆಯಲ್ಲಿ ಹತ್ತಿ ಮಲಗಿ ಎದ್ದರೆ ಉಡುಪಿ. ಬರುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಅತ್ತಿಗೆ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ, ಯಾವುದನ್ನೂ ಯಾರೂ ತೂಗುವುದಿಲ್ಲ. ಇಳಿಹೊತ್ತಿಗೆ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವಾಗ ಡಬ್ಬಿಯ ಅರ್ಧ ಮಂದಿ ಕಿಟಕಿಯ ಕಡೆ ತಿರುಗುತ್ತಾರೆ. ಇದೆಲ್ಲ ಇಷ್ಟವಾಗಿ ರೈಲು ಹತ್ತಿದರೆ ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ವಿಮಾನದ ಹೆದರಿಕೆಗೆ ಮಾತ್ರ ರೈಲು ಹತ್ತಿದರೆ, ಆ ಹದಿನಾಲ್ಕು ಗಂಟೆಯೂ ‘ತಪ್ಪು ಮಾಡಿದೆನೋ’ ಎಂಬ ಯೋಚನೆ ಪಕ್ಕದಲ್ಲೇ ಕೂತಿರುತ್ತದೆ.

ಹಾಗಾಗಿ ತುರ್ತು ಬಂದ ದಿನ ತೀರ್ಮಾನ ಮಾಡುವುದು ಬೇಡ, ಈಗಲೇ ಮಾಡಿಡಿ. ಒಂದು ಸಂಜೆ ಯಜಮಾನರನ್ನೂ ಮಗನನ್ನೂ ಕೂರಿಸಿಕೊಂಡು ಮಾತಾಡಿ. ಸುಮ್ಮನೆ ನೋಡಿಬರುವ ಪ್ರಯಾಣವೆಲ್ಲ ರೈಲಿನಲ್ಲಿ, ಅದರ ಬಗ್ಗೆ ತಮಾಷೆ ಇಲ್ಲ. ಅಣ್ಣನಿಂದ ‘ಈಗಲೇ ಬಾ’ ಎಂಬ ಕರೆ ಬಂದರೆ ವಿಮಾನ, ಜೊತೆಗೆ ಮಗ. ಟಿಕೆಟ್ ಯಾರು ತೆಗೆಯುವುದು ಎಂಬುದೂ ನಿಶ್ಚಯವಾಗಿರಲಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ತತ್ಕಾಲ್ ಸಿಗುವುದು ಹಿಂದಿನ ದಿನ, ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. ಮಳೆಗಾಲದಲ್ಲಿ ಕೊಂಕಣ ದಾರಿಯ ರೈಲುಗಳು ನಿಧಾನ. ಗುಡ್ಡ ಕುಸಿದರೆ ನಿಂತೂ ನಿಲ್ಲುತ್ತವೆ. ಹಾಗಾಗಿ ತುರ್ತಿಗೆ ರೈಲೊಂದನ್ನೇ ನಂಬಿಕೊಳ್ಳುವುದು ಬೇಡ.

ಆ ತುರ್ತಿನ ಪ್ರಯಾಣವೇ ನಿಮ್ಮ ಮುಂದಿನ ವಿಮಾನ ಪ್ರಯಾಣವಾಗಬಾರದು ಎಂಬುದು ನನ್ನ ಒತ್ತಾಯ. ಮಳೆ ಮುಗಿದು ಆಕಾಶ ತಿಳಿಯಾಗಿರುವ ಡಿಸೆಂಬರ್–ಜನವರಿಯಲ್ಲಿ ಮಗನ ಜೊತೆ ಬೆಳಗಿನ ವಿಮಾನದಲ್ಲಿ ಒಂದು ಸಲ ಹೋಗಿಬನ್ನಿ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಅಲುಗಾಟ ಕಡಿಮೆ. ಹತ್ತುವಾಗಲೇ ಗಗನಸಖಿಗೆ ‘ನನಗೆ ಹೆದರಿಕೆ’ ಎಂದು ಹೇಳಿಬಿಡಿ. ಅವರಿಗೆ ಇದು ಹೊಸದಲ್ಲ. ಎದೆ ಬಡಿದುಕೊಳ್ಳಲು ಶುರುವಾದರೆ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತಾ ಇರಿ. ಭಯ ಏರಿದಷ್ಟೇ ಇಳಿಯುತ್ತದೆ, ಅದರ ಜೊತೆ ಜಗಳಕ್ಕೆ ಹೋಗಬೇಡಿ. ಯಾರೋ ಕೊಟ್ಟ ನಿದ್ದೆ ಮಾತ್ರೆ ಮಾತ್ರ ಖಂಡಿತ ಬೇಡ. ಮೊಬೈಲಿನಲ್ಲಿ ವಿಮಾನ ಅಪಘಾತದ ವಿಡಿಯೋಗಳನ್ನು ನೋಡುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. 2025ರ ಜೂನ್‌ನ ಅಹಮದಾಬಾದ್ ದುರಂತದ ನಂತರ ಇಂಥ ವಿಡಿಯೋ ನೋಡಿ ನಿದ್ದೆಗೆಟ್ಟವರು ನೀವೊಬ್ಬರೇ ಅಲ್ಲ.

ಟಿಕೆಟ್ ತೆಗೆಯುವ ಮಾತೆತ್ತಿದರೇ ಕೈಕಾಲು ನಡುಗುವುದು, ಹೆದರಿಕೆ ಲಿಫ್ಟಿಗೂ ಲೋಕಲ್ ರೈಲಿಗೂ ಹರಡುವುದು, ನಿದ್ದೆ ವಾರಗಟ್ಟಲೆ ಹೀಗೇ ಕೆಡುವುದು, ಇದರಲ್ಲಿ ಯಾವುದಿದ್ದರೂ ಮನೋವೈದ್ಯರನ್ನೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಹೆದರಿಸುವ ಸಂಗತಿಗೆ ಮನಸ್ಸನ್ನು ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆ ಇದೆ. ಇಂಥ ಭಯಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ತಡವಾದರೆ ಎಂಬ ಮಾತು. ನಿಜ ಹೇಳಬೇಕೆಂದರೆ ಪಕ್ಕದ ಕೋಣೆಯಲ್ಲಿದ್ದವರಿಗೂ ಕೆಲವೊಮ್ಮೆ ತಡವಾಗುತ್ತದೆ. ಆ ಒಂದು ಗಳಿಗೆಯಿಂದ ಇಷ್ಟು ವರ್ಷದ ಮಗಳುತನವನ್ನು ಅಳೆಯಬೇಡಿ. ಅಮ್ಮನ ಸ್ಥಿತಿ ನಿಜಕ್ಕೂ ಹೇಗಿದೆ ಎಂದು ಡಾಕ್ಟರ ಹತ್ತಿರ ಕೇಳಿ ನಿಮಗೆ ಮುಚ್ಚುಮರೆಯಿಲ್ಲದೆ ತಿಳಿಸಲು ಅಣ್ಣನಿಗೆ ಇವತ್ತೇ ಹೇಳಿ. ಅವರು ಏನೆನ್ನುತ್ತಾರೋ ನೋಡಿಕೊಂಡು ಮುಂದಿನ ಟಿಕೆಟ್ ತೆಗೆಯಿರಿ, ರೈಲಿನದ್ದಾದರೂ ಸರಿ, ವಿಮಾನದ್ದಾದರೂ ಸರಿ.