ನೀರಿನ ಜಾಡಿನಲ್ಲಿ ವಿಜಯನಗರ: ಶರತ್ಕಾಲದ ಅಧ್ಯಯನ ಪ್ರವಾಸಕ್ಕೆ ಪೂರ್ವಸಿದ್ಧತೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹಂಪಿಗೆ ಹೋಗುವುದು ಹೊಸತಲ್ಲ. ಆದರೆ ಒಂದು ಗುಡಿಯಿಂದ ಮತ್ತೊಂದು ಗುಡಿಗೆ ಅವಸರದಿಂದ ನಡೆದು, ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಮರಳಿದರೆ ಅದು ವಿಹಾರವಾದೀತೇ ಹೊರತು ಅಧ್ಯಯನವಾಗದು. ಎರಡೇ ದಿನಗಳ ಅವಕಾಶವಿರುವವರು ಒಂದು ಎಳೆಯನ್ನು ಹಿಡಿದು ನಡೆಯಬೇಕು. ಹಂಪಿಯಲ್ಲಿ ಆ ಎಳೆ ನೀರು.

ಕಾಲುವೆಗಳ ನಗರವೆಂದೊಡನೆ ವೆನಿಸ್ ನೆನಪಾಗುವುದು ಸಹಜ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ಆ ವೆನಿಸ್ ಪ್ರಾಂತದವನೇ. ಆದರೆ ಅಲ್ಲಿ ಕಾಲುವೆಯೆಂದರೆ ದೋಣಿಗಳ ಬೀದಿ. ಇಲ್ಲಿ ಕಾಲುವೆಯೆಂದರೆ ಬಂಡೆಗಳ ನಾಡಿಗೆ ಅನ್ನವನ್ನು ತಂದ ದಾರಿ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, ನಯಗೊಳಿಸಿದ ಕಲ್ಲಿನ ಕಾಲುವೆಗಳು ಅರಮನೆಯ ಬಳಿ ಹರಿಯುತ್ತಿದ್ದುದನ್ನು ಬಣ್ಣಿಸಿದ್ದಾನೆ.

ಹೊರಡಲು ಆಶ್ವಯುಜ, ಕಾರ್ತಿಕ ಮಾಸಗಳು ಪ್ರಶಸ್ತ. ಮಳೆಗಾಲ ಮುಗಿಯುತ್ತ ಬಂದು ಕಾಲುವೆಗಳಲ್ಲಿ ನೀರಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಬಂಡೆಗಳು ಬೇಸಿಗೆಯಂತೆ ಕಾಯುವುದಿಲ್ಲ. ಹಿಂಗಾರು ಮಳೆ ಬರಬಹುದಾದ್ದರಿಂದ ಕೊಡೆಯನ್ನು ಮರೆಯಬಾರದು. ರಾಯದುರ್ಗದವರಿಗೆ ಬಳ್ಳಾರಿ, ಹೊಸಪೇಟೆಗಳ ಮೂಲಕ ಇದು ಒಂದು ಬೆಳಗಿನ ಪ್ರಯಾಣ. ಮಡಕಶಿರದವರಿಗೆ ದಾರಿ ದೀರ್ಘ. ಅವರು ಹಿಂದಿನ ಸಂಜೆಯೇ ಹೊಸಪೇಟೆಯನ್ನು ಸೇರುವುದು ಒಳಿತು.

ಮೊದಲ ದಿನ ಕಮಲಾಪುರದ ವಸ್ತುಸಂಗ್ರಹಾಲಯದಿಂದ ಆರಂಭಿಸಬೇಕು. ಶುಕ್ರವಾರ ಅದಕ್ಕೆ ರಜೆಯೆಂಬುದನ್ನು ಗಮನಿಸಿ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಅಲ್ಲಿರುವ ನಗರದ ಮಾದರಿಯನ್ನು ನೋಡಿದರೆ ಬೆಟ್ಟ, ಹೊಳೆ, ಗದ್ದೆಬಯಲುಗಳ ಸಂಬಂಧ ಒಂದೇ ನೋಟಕ್ಕೆ ತಿಳಿಯುತ್ತದೆ. ಬಳಿಕ ಕಮಲಾಪುರದ ಕೆರೆಯ ಏರಿ. ಅಲ್ಲಿಂದ ಅರಮನೆಯ ಆವರಣ. ಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಾಲುವೆಯನ್ನೂ ಮೆಟ್ಟಿಲುಗಳ ಪುಷ್ಕರಿಣಿಯನ್ನೂ ಒಟ್ಟಿಗೆ ನೋಡಬೇಕು; ಬೇರೆ ಬೇರೆಯಾಗಿ ನೋಡಿದರೆ ಅರ್ಥವಾಗವು. ಮಹಾನವಮಿ ದಿಬ್ಬದ ಮೇಲೆ ನಿಂತಾಗ, ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಂಡ ಉತ್ಸವವೂ ಇದೇ ಋತುವಿನದೆಂಬುದನ್ನು ನೆನೆಯಬಹುದು.

ಎರಡನೆಯ ದಿನ ಕೃಷ್ಣ ದೇವಾಲಯ, ಅದರೆದುರಿನ ಪುಷ್ಕರಿಣಿ, ಪಾದದಲ್ಲಿ ನೀರು ನಿಂತಿರುವ ಬಡವಿಲಿಂಗ, ಕೊನೆಗೆ ವಿರೂಪಾಕ್ಷನ ಸನ್ನಿಧಿ. ನಡುವೆ ಬಾಳೆತೋಟಗಳ ಬದಿಯಲ್ಲಿ ತುರ್ತು ಕಾಲುವೆ ಎದುರಾಗುತ್ತದೆ. ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಬೇಕು. 1565ರ ಬಳಿಕ ಅರಮನೆಗಳು ಹಾಳಾದವು. ಕಾಲುವೆ ಇಂದಿಗೂ ದುಡಿಯುತ್ತಿದೆ. ಪಾಳುಪಟ್ಟಣವೆಂದು ನಾವು ಕರೆಯುವ ಸ್ಥಳದಲ್ಲಿ ಪಾಳಾಗದೆ ಉಳಿದುದು ಇದು.

ಈ ನೀರು ನಮಗೆ ಪರಕೀಯವಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಿಂದ ಹೊರಟು, ಜನರು ಎಚ್‌ಎಲ್‌ಸಿ ಎಂದೇ ಕರೆಯುವ ಮೇಲ್ಮಟ್ಟದ ಕಾಲುವೆ ಬಳ್ಳಾರಿಯನ್ನು ಹಾಯ್ದು ರಾಯದುರ್ಗದ ಸೀಮೆಯ ಬೊಮ್ಮನಹಾಳು, ಕಣೇಕಲ್ಲುಗಳ ಕಡೆಗೆ ಬರುತ್ತದೆ. ಮಡಕಶಿರಕ್ಕೆ ಸಮೀಪದ ಪೆನುಗೊಂಡೆಗೂ ಇಂಥದೇ ಕಥೆಯಿದೆ. 1388ರಲ್ಲಿ ಅಲ್ಲಿದ್ದ ಪ್ರತಾಪ ಬುಕ್ಕರಾಯನು, ಪ್ರಜೆಗಳು ಸುಖವಾಗಿರಲೆಂದು ಹೆನ್ನೆ ನದಿಯನ್ನು ಪೆನುಗೊಂಡೆಗೆ ತರುವಂತೆ ಜಲಸೂತ್ರದಲ್ಲಿ ನಿಪುಣನಾದ ಸಿಂಗಾಯ ಭಟ್ಟನಿಗೆ ಆಜ್ಞಾಪಿಸಿದನೆಂದೂ, ಆತನು ಸಿರುವೆರೆಯ ಕೆರೆಗೆ ಕಾಲುವೆಯನ್ನು ತಂದನೆಂದೂ ಗೌರಿಬಿದನೂರು ತಾಲ್ಲೂಕಿನ ಶಾಸನವೊಂದು ತಿಳಿಸುತ್ತದೆ. ಅರಸನ ಹೆಸರಿನೊಡನೆ ಕಾಲುವೆ ತೋಡಿದವನ ಹೆಸರೂ ಕಲ್ಲಿನಲ್ಲಿ ಉಳಿದಿರುವುದು ಗಮನಾರ್ಹ.

ಭಾಷೆಯ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಪಾಠವಿದೆ. ಪೆನ್ನೆ 'ಹೆನ್ನೆ'ಯಾದುದು ಕನ್ನಡದ ಪಕಾರ ಹಕಾರವಾದ ಬದಲಾವಣೆ. ಊರಿನ ಹೆಸರು ಮಾತ್ರ 'ಪೆನುಗೊಂಡೆ'ಯಾಗಿಯೇ ಉಳಿಯಿತು. ನಮ್ಮ 'ಕೆರೆ' ನೆರೆಮನೆಯ ತೆಲುಗಿನಲ್ಲಿ 'ಚೆರುವು'. 'ಕಿವಿ' ಅಲ್ಲಿ 'ಚೆವಿ'. ಕನ್ನಡವು ಉಳಿಸಿಕೊಂಡ ಪದಾದಿಯ ಕಕಾರವು ತೆಲುಗಿನಲ್ಲಿ ಇಕಾರ ಎಕಾರಗಳ ಮುಂದೆ ಚಕಾರವಾಗಿದೆ. 'ತೂಬು' ಮತ್ತು 'ತೂಮು', 'ಕಾಲುವೆ' ಮತ್ತು 'ಕಾಲುವ' ಜೋಡಿಗಳನ್ನೂ ನೋಡಿ. ಎರಡು ನುಡಿಗಳನ್ನೂ ದಿನವೂ ಕೇಳುವ ನಮಗೆ ಈ ನಿಯಮವನ್ನು ಕಲಿಯಲು ಬೇರೆ ಪ್ರಯೋಗಶಾಲೆ ಬೇಕಿಲ್ಲ.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳು ಮೂರು. ಅಣೆ, ಏರಿ, ತೂಬು, ಕೋಡಿ, ಬಿತ್ತುವಟ್ಟ, ದಶವಂದ ಎಂಬ ಪದಗಳ ಅರ್ಥವನ್ನು ನಿಘಂಟಿನಲ್ಲಿ ನೋಡಿ ಬರೆದುಕೊಳ್ಳಿ. ನಿಮ್ಮ ಊರಿನ ಕೆರೆಯ ತೂಬು, ಕೋಡಿಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ದಾಖಲಿಸಿ. ಮರಳಿದ ಮೇಲೆ ಎರಡು ಪಟ್ಟಿಗಳನ್ನೂ ಹೋಲಿಸಿ ಎರಡು ಪುಟಗಳ ಟಿಪ್ಪಣಿ ಬರೆಯಿರಿ. ಹಂಪಿಯ ಕಲ್ಲುಗಳನ್ನು ಕಾಯಲು ಇಲಾಖೆಯಿದೆ. ಹಿರಿಯರ ಬಾಯಲ್ಲಿರುವ ಈ ಪದಗಳನ್ನು ಕಾಯಬೇಕಾದವರು ನಾವೇ.