ಮೆಕ್ಸಿಕನ್ ಊಟ ಕೈಕೊಟ್ಟಾಗ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಆರು ತಿಂಗಳಿದ್ದು ಬರುವ ಹಿರಿಯರಿಗೂ ಮೆಕ್ಸಿಕನ್ ರೆಸ್ಟೋರೆಂಟ್ ಅಷ್ಟೇನೂ ಪರಕೀಯವೆನಿಸುವುದಿಲ್ಲ. ಅನ್ನವಿದೆ, ಕಾಳಿದೆ, ರೊಟ್ಟಿಯಂಥ ಟೋರ್ಟಿಯಾ ಇದೆ, ಖಾರವಂತೂ ಇದ್ದೇ ಇದೆ. ಅಂಥ ಊಟ ನಿರಾಸೆ ಮಾಡಿದ ಮೇಲೆ ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ರುಚಿ ಕೆಟ್ಟರೆ ನಷ್ಟ ನಾಲಗೆಗಷ್ಟೆ. ಆದರೆ ತಡವಾಗಿ ಬಂದ ತಟ್ಟೆ, ಆರಿಹೋದ ಕಾಳು, ಕೇಳಿದ ಪ್ರಶ್ನೆಗೆ ಸಿಗದ ಉತ್ತರ ಕೆಲವರ ಮಟ್ಟಿಗೆ ವೈದ್ಯಕೀಯ ವಿಷಯಗಳೇ ಆಗಿಬಿಡುತ್ತವೆ.

ಪ್ರಶ್ನೆ: ಶನಿವಾರ ರಾತ್ರಿ ಎಂಟು ಗಂಟೆಗೆ ನಾವು ನಾಲ್ವರು ಮನೆ ಹತ್ತಿರದ ಮೆಕ್ಸಿಕನ್ ರೆಸ್ಟೋರೆಂಟ್‌ಗೆ ಹೋಗಿದ್ದೆವು. ರಿಫ್ರೈಡ್ ಬೀನ್ಸ್ ಉಗುರುಬೆಚ್ಚಗಿತ್ತು. ಬಿಸಿ ಮಾಡಿ ಕೊಡಿ ಎಂದರೆ ವೇಟರ್ ಮುಖ ಸಿಂಡರಿಸಿ ತಟ್ಟೆ ಒಯ್ದ. ವಾಪಸ್ ತಂದಾಗ ಅಂಚು ಸುಡುತ್ತಿತ್ತು, ನಡುವೆ ಹಾಗೇ ತಣ್ಣಗಿತ್ತು. ಹಸಿವಾಗಿತ್ತು, ತಿಂದೆವು. ಭಾನುವಾರ ಬೆಳಗಿನ ಜಾವ ನನಗೂ ಮಗನಿಗೂ ಹೊಟ್ಟೆ ನುಲಿತ, ಭೇದಿ. ವಾಂತಿ, ಜ್ವರ ಇರಲಿಲ್ಲ. ಸೋಮವಾರದ ಹೊತ್ತಿಗೆ ಸರಿಹೋಯಿತು. ಬೀನ್ಸ್ ಮುಟ್ಟದ ಹೆಂಡತಿಗೂ ಮಗಳಿಗೂ ಏನೂ ಆಗಲಿಲ್ಲ. ಇದು ಆ ಊಟದ್ದೇ ಕೆಲಸವೇ? ಮುಂದೆ ಹೀಗಾದರೆ ಊರಿನಿಂದ ತಂದಿಟ್ಟಿರುವ ಆ್ಯಂಟಿಬಯೋಟಿಕ್ ನುಂಗಬಹುದೇ?
– ಹೆಸರು ಬೇಡ, ಡಲ್ಲಾಸ್

ಉತ್ತರ: ನಿಮ್ಮ ಪತ್ರದಲ್ಲಿ ಬೈಗುಳಕ್ಕಿಂತ ವಿವರ ಹೆಚ್ಚಿದೆ. ವೈದ್ಯರಿಗೆ ಬೇಕಾದದ್ದು ಅದೇ.

ಹೊಟ್ಟೆ ಕೆಟ್ಟಾಗ ಎಲ್ಲರೂ ಕಟ್ಟಕಡೆಗೆ ಉಂಡದ್ದನ್ನು ದೂರುತ್ತಾರೆ. ಅನೇಕ ಸಲ ತಪ್ಪು ಅದಕ್ಕೂ ಹಿಂದಿನ ಊಟದ್ದಿರುತ್ತದೆ. ಆದ್ದರಿಂದ ಮೊದಲು ಗಡಿಯಾರ ನೋಡಬೇಕು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಜೋರಾಗಿ ವಾಂತಿಯಾದರೆ ಆಹಾರದಲ್ಲಿ ಮೊದಲೇ ಉತ್ಪತ್ತಿಯಾಗಿದ್ದ ವಿಷವನ್ನು ಅನುಮಾನಿಸುತ್ತೇವೆ. ಆರಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಅಡುಗೆಯವರ ಕೈಯಿಂದ ಸೇರುವ ಸ್ಟ್ಯಾಫಿಲೊಕಾಕಸ್ ಈ ಬಗೆಯವು. ನೋರೋವೈರಸ್ ಕಾಣಿಸಿಕೊಳ್ಳಲು 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾಗೆ ಆರು ಗಂಟೆಯಿಂದ ಆರು ದಿನ; ಅದರ ಜೊತೆ ಸಾಮಾನ್ಯವಾಗಿ ಜ್ವರವೂ ಇರುತ್ತದೆ. ಇ. ಕೋಲಿಯ ಅಪಾಯಕಾರಿ ತಳಿಗಳು ಮೂರು ನಾಲ್ಕು ದಿನ ಬಿಟ್ಟು ರಕ್ತಭೇದಿಯಾಗಿ ಬರಬಹುದು.

ನಿಮ್ಮಲ್ಲಿ ತೊಂದರೆ ಶುರುವಾದದ್ದು ಎಂಟು ಹತ್ತು ಗಂಟೆಯ ಮೇಲೆ, ವಾಂತಿ ಜ್ವರವಿಲ್ಲದೆ, ಬೀನ್ಸ್ ತಿಂದ ಇಬ್ಬರಿಗೆ ಮಾತ್ರ; ನಿಂತದ್ದು ಒಂದು ದಿನದಲ್ಲಿ. ಇದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ರೀತಿಗೆ ಹೊಂದುತ್ತದೆ. ಮಲ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು, ಆದರೆ ಅನುಮಾನಕ್ಕೆ ಆಧಾರವಿದೆ. ಇದರ ಬೀಜಕಣಗಳು ಕುದಿಯುವ ಪಾತ್ರೆಯಲ್ಲೂ ಸಾಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಕಾಳು, ಮಾಂಸ ನಿಧಾನವಾಗಿ ಆರುತ್ತಾ 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅವು ಎಚ್ಚೆತ್ತು, ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಹಾಗಾಗಿಯೇ ಅಮೆರಿಕದ ಆಹಾರ ನಿಯಮ ಬಿಸಿ ಪದಾರ್ಥವನ್ನು 57 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆನ್ನುತ್ತದೆ. ಉಗುರುಬೆಚ್ಚಗೆ ಎಂಬ ನಿಮ್ಮ ದೂರು ರುಚಿಯ ದೂರಲ್ಲ, ಸುರಕ್ಷತೆಯ ದೂರು. ಮೈಕ್ರೊವೇವ್‌ನಲ್ಲಿ ಅಂಚು ಮಾತ್ರ ಕಾಯಿಸಿದ್ದರಿಂದ ಪ್ರಯೋಜನವಿಲ್ಲ. ಇಡೀ ಪದಾರ್ಥ 74 ಡಿಗ್ರಿ ಮುಟ್ಟಬೇಕು. ಬ್ಯಾಸಿಲಸ್, ಸ್ಟ್ಯಾಫಿಲೊಕಾಕಸ್ ಉಳಿಸಿಹೋದ ವಾಂತಿ ತರುವ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಆ್ಯಂಟಿಬಯೋಟಿಕ್ ಬೇಡ. ಇಂಥ ಭೇದಿಗೆ ಅದರಿಂದ ಲಾಭವಿಲ್ಲ. ಅಪಾಯಕಾರಿ ಇ. ಕೋಲಿ ಸೋಂಕಾಗಿದ್ದರೆ ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವ ಹೆಚ್ಚಬಹುದು. ಭೇದಿ ಕಟ್ಟುವ ಮಾತ್ರೆಯನ್ನೂ ರಕ್ತ ಅಥವಾ ಜ್ವರ ಇದ್ದಾಗ ನುಂಗಬಾರದು. ಓಆರ್‌ಎಸ್ ಕುಡಿಯಿರಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿಕೊಳ್ಳಿ. ಗಂಜಿ, ಮೊಸರನ್ನ ಧಾರಾಳವಾಗಿ ತಿನ್ನಬಹುದು. ಮಲದಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಎದ್ದು ನಿಂತರೆ ತಲೆಸುತ್ತು, ಮೂರು ದಿನ ದಾಟಿದ ಭೇದಿ – ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಮೈಸೂರಿನಿಂದ ಬಂದಿದ್ದಾರೆ. 30/70 ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಭ್ಯಾಸದಂತೆ ಮನೆಯಲ್ಲೇ ಸೂಜಿ ಚುಚ್ಚಿಕೊಂಡು ಹೊರಟರು. ರೆಸ್ಟೋರೆಂಟ್‌ನಲ್ಲಿ ಟೇಬಲ್ಲಿಗೇ ಕಾಯಬೇಕಾಯಿತು, ಆರ್ಡರ್ ಬರಲು ಒಂದು ಗಂಟೆ. ಕೇಳಿದರೆ ಬರುತ್ತಿದೆ ಎನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ತಂದೆ ಬೆವೆತು, ಕೈ ನಡುಗಿ, ಮಾತು ತೊದಲಿತು. ಸಕ್ಕರೆ ಪೊಟ್ಟಣ ಬಾಯಿಗೆ ಹಾಕಿದೆವು, ಬೇಗ ಚೇತರಿಸಿಕೊಳ್ಳಲಿಲ್ಲ. ಏಕೆ?
– ಒಬ್ಬ ಓದುಗರು, ಫ್ರೀಮಾಂಟ್

ಉತ್ತರ: ಇಂದಿನ ಪತ್ರಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮದು. ಅದು ರಕ್ತದ ಸಕ್ಕರೆ ಕುಸಿತದ ಚಿತ್ರ. 30/70 ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಎಂದು ಹೇಳಿಕೊಟ್ಟಿರುತ್ತೇವೆ. ಮನೆಯಲ್ಲಿ ಅದು ಸರಿ, ಅಲ್ಲಿ ಊಟದ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಹೊರಗೆ ಹಾಗಲ್ಲ. ಊಟ ಟೇಬಲ್ಲಿಗೆ ಬರುವವರೆಗೆ ಸೂಜಿ ಚೀಲದಲ್ಲೇ ಇರಲಿ. ಹಾಗೆ ತಡವಾಗಿ ತೆಗೆದುಕೊಂಡರೆ ಸಕ್ಕರೆ ಸ್ವಲ್ಪ ಏರಬಹುದು, ಆದರೆ ಕುಸಿಯುವುದಕ್ಕಿಂತ ಅದು ವಾಸಿ. ಗ್ಲಿಮೆಪಿರೈಡ್‌ಗೂ ಇದೇ ಮಾತು.

ಸಕ್ಕರೆ ಪೊಟ್ಟಣ ಕೆಲಸ ಮಾಡದ್ದಕ್ಕೆ ಕಾರಣ ವೊಗ್ಲಿಬೋಸ್. ನಾವು ತಿನ್ನುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದನ್ನೇ ಆ ಮಾತ್ರೆ ನಿಧಾನಗೊಳಿಸುತ್ತದೆ. ಅಕಾರ್ಬೋಸ್ ಕೂಡ ಹಾಗೆಯೇ. ಈ ಮಾತ್ರೆ ನುಂಗುವವರು ನೇರ ಗ್ಲೂಕೋಸ್ ಪುಡಿ ಅಥವಾ ಗ್ಲೂಕೋಸ್ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಉಳಿದ ಮಧುಮೇಹಿಗಳಿಗೆ 15 ಗ್ರಾಂ ಸಕ್ಕರೆಯಂಶ, ಅಂದರೆ ಅರ್ಧ ಲೋಟ ಹಣ್ಣಿನ ರಸ ಇಲ್ಲವೇ ಮಾಮೂಲಿ ಕೋಲಾ ಸಾಕು. ಡಯಟ್ ಕೋಲಾದಿಂದ ಏನೂ ಆಗದು. 15 ನಿಮಿಷ ಬಿಟ್ಟು ಮತ್ತೆ ಸಕ್ಕರೆ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಇನ್ನೊಮ್ಮೆ ಕೊಡಿ. ಕೂತ ಕೂಡಲೇ ಬರುವ ಚಿಪ್ಸ್ ತುರ್ತಿಗೆ ಒದಗುವುದಿಲ್ಲ, ಕರಿದ ಎಣ್ಣೆಯಿಂದಾಗಿ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಗ್ಲಿಮೆಪಿರೈಡ್ ಪರಿಣಾಮ ಗಂಟೆಗಟ್ಟಲೆ ಇರುವುದರಿಂದ ಚೇತರಿಸಿಕೊಂಡ ಮೇಲೂ ಅಂದು ರಾತ್ರಿ ಎರಡು ಮೂರು ಸಲ ಸಕ್ಕರೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 911ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಊಟ ತಡವಾದಾಗ ಇವರು ಇನ್ಸುಲಿನ್ ತೆಗೆದುಕೊಂಡಿದ್ದಾರೆ, ಈಗಲೇ ಜ್ಯೂಸ್ ಬೇಕು ಎಂದು ಮ್ಯಾನೇಜರ್‌ಗೇ ಹೇಳಿ. ಹಾಗೆ ಹೇಳುವುದು ಜಗಳವಲ್ಲ. ತಂದೆಯವರು ಊರಿಗೆ ಮರಳುವ ಮೊದಲೇ ಅವರ ವೈದ್ಯರಿಗೂ ಇದನ್ನು ತಿಳಿಸಿ. ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು.

ಪ್ರಶ್ನೆ: ಬೀನ್ಸ್ ಸಸ್ಯಾಹಾರವೇ ಎಂದು ವಿಚಾರಿಸಿದಾಗ ವೇಟರ್ ಹೌದೆಂದು ತಲೆಯಾಡಿಸಿದ. ತಿಂದಾದ ಮೇಲೆ ಅದರಲ್ಲಿ ಹಂದಿ ಕೊಬ್ಬು ಇತ್ತೆಂದು ಗೊತ್ತಾಯಿತು. ನಮ್ಮತ್ತೆ ಎರಡು ದಿನದಿಂದ ಉಪವಾಸವಿದ್ದಾರೆ, ಬಿಪಿ ಮಾತ್ರೆ ಮಾತ್ರ ನುಂಗುತ್ತಾರೆ. ಅವರ ದೇಹಕ್ಕೆ ತೊಂದರೆಯಾದೀತೇ?
– ಹೆಸರು ಬೇಡ, ಆಸ್ಟಿನ್

ಉತ್ತರ: ಒಂದು ಹೊತ್ತು ಹೊಟ್ಟೆಗೆ ಹೋದ ಆ ಕೊಬ್ಬಿನಿಂದ ದೇಹಕ್ಕೆ ಏನೂ ಆಗುವುದಿಲ್ಲ. ತೂಕಕ್ಕೆ ತೂಕ ನೋಡಿದರೆ ಅದರಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ತುಪ್ಪದಲ್ಲಿರುವುದಕ್ಕಿಂತ ಕಡಿಮೆ. ವಾಂತಿ ಮಾಡಿಸುವುದು, ಭೇದಿಗೆ ಕೊಡುವುದು ಬೇಡವೇ ಬೇಡ. ಅವರ ನೋವು ಮನಸ್ಸಿನದು, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ವಯಸ್ಸಾದವರು ನೀರೂ ಕುಡಿಯದೆ ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ರಕ್ತದೊತ್ತಡ ಕುಸಿದು ಬೀಳಬಹುದು. ಎಳನೀರು, ಮಜ್ಜಿಗೆ, ಹಣ್ಣು ಅವರ ನೇಮಕ್ಕೆ ಒಗ್ಗುವುದಾದರೆ ಇವತ್ತೇ ಕೊಡಿ.

ಮುಂದಿನ ಸಲ ಸಸ್ಯಾಹಾರವೇ ಎಂದು ಮಾತ್ರ ಕೇಳಿದರೆ ಸಾಲದು. ಮಾಂಸದ ತುಂಡು ಇಲ್ಲದಿದ್ದರೆ ಸಸ್ಯಾಹಾರ ಎಂದೇ ಅನೇಕರ ತಿಳಿವಳಿಕೆ. ಬೀನ್ಸ್‌ಗೆ ಲಾರ್ಡ್ ಅಥವಾ ಮಾಂತೇಕಾ (ಅಂದರೆ ಹಂದಿ ಕೊಬ್ಬು) ಹಾಕಿದ್ದೀರಾ, ಅನ್ನವನ್ನು ಚಿಕನ್ ಸಾರಿನಲ್ಲಿ ಬೇಯಿಸಿದ್ದೀರಾ, ಗೋಧಿ ಟೋರ್ಟಿಯಾಗೆ ಯಾವ ಕೊಬ್ಬು ಎಂದು ಬಿಡಿಬಿಡಿಯಾಗಿ ಕೇಳಿ. ಜೋಳದ ಟೋರ್ಟಿಯಾ ಸಾಮಾನ್ಯವಾಗಿ ಮೆಕ್ಕೆಜೋಳ, ಸುಣ್ಣದ ತಿಳಿ, ನೀರಿನದು. ಅದೇ ಹೆಚ್ಚು ನಿಶ್ಚಿಂತೆ.

ಪ್ರಶ್ನೆ: ನಾನು ಐದು ತಿಂಗಳ ಬಸುರಿ. ಟಾಕೋ ಮೇಲೆ ಉದುರಿಸಿದ್ದ ಬಿಳಿ ಮೃದು ಚೀಸ್ ಪಾಶ್ಚರೀಕರಿಸಿದ್ದೇ ಎಂದು ಕೇಳಿದೆ. ವೇಟರ್ ನಕ್ಕು ಹೋದಳು. ಬದಿಗಿಟ್ಟೆ. ಅತಿಯಾಯಿತೇ?
– ಒಬ್ಬ ಓದುಗರು, ಹ್ಯೂಸ್ಟನ್

ಉತ್ತರ: ಖಂಡಿತ ಇಲ್ಲ. ಕೇಸೋ ಫ್ರೆಸ್ಕೋ ಬಗೆಯ ಹಸಿ ಚೀಸ್‌ನಲ್ಲಿ ಲಿಸ್ಟೀರಿಯಾ ಬೆಳೆಯಬಲ್ಲದು. ಫ್ರಿಜ್‌ನ ತಂಪು ಅದನ್ನು ತಡೆಯದು. 1985ರಲ್ಲಿ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಮೆಕ್ಸಿಕನ್ ಶೈಲಿಯ ಮೃದು ಚೀಸ್‌ನಿಂದ 142 ಮಂದಿಗೆ ಈ ಸೋಂಕು ತಗುಲಿತ್ತು. ಅವರಲ್ಲಿ ಹೆಚ್ಚಿನವರು ಬಸುರಿಯರು ಮತ್ತು ನವಜಾತ ಶಿಶುಗಳು. ತಾಯಿಗೆ ಸಣ್ಣ ಜ್ವರ, ಮೈಕೈ ನೋವಷ್ಟೇ ಬಂದರೂ ಗರ್ಭ ಹೋಗಬಹುದು. ಪಾಶ್ಚರೀಕರಿಸಿದ ಹಾಲಿನ ಈ ಬಗೆಯ ಚೀಸನ್ನೂ ಹಬೆಯಾಡುವಷ್ಟು ಬಿಸಿ ಮಾಡದೆ ಬಸುರಿಯರು ತಿನ್ನಬಾರದು. ಎಲ್ಲಿ ಉತ್ತರ ಸಿಗುವುದಿಲ್ಲವೋ ಅಲ್ಲಿ ಬದಿಗಿಡುವುದೇ ಸರಿ.

ಪ್ರಶ್ನೆ: ಹಬನೇರೋ ಸಾಸ್ ತಿಂದು ಬಾಯಿ ಹೊತ್ತಿಕೊಂಡಿತು. ಐಸ್ ನೀರು ಎಷ್ಟು ಕುಡಿದರೂ ಇಳಿಯಲಿಲ್ಲ. ಆಂಧ್ರದ ಊಟಕ್ಕೂ ಜಗ್ಗದವನು ನಾನು!
– ಹೆಸರು ಬೇಡ, ಷಿಕಾಗೊ

ಉತ್ತರ: ನಮ್ಮ ಮೆಣಸಿನಕಾಯಿಯ ತವರು ಮೆಕ್ಸಿಕೊ ಕಡೆಯೇ. ಖಾರದ ಅಳತೆಯಲ್ಲಿ ಅಲ್ಲಿನ ಹಾಲಪೇನ್ಯೊ 2,500ರಿಂದ 8,000 ಯೂನಿಟ್, ಹಬನೇರೋ ಲಕ್ಷ ದಾಟುತ್ತದೆ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಇಲ್ಲವೇ ಮೊಸರು ಕುಡಿದರೆ ಅದರಲ್ಲಿರುವ ಕೇಸಿನ್ ಖಾರವನ್ನು ಬಾಯಿಯಿಂದ ಒಯ್ಯುತ್ತದೆ. ರೆಸ್ಟೋರೆಂಟ್‌ನಲ್ಲಿ ಸವರ್ ಕ್ರೀಮ್ ಕೇಳಿ. ಎದೆಯುರಿಯ ಜೊತೆ ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆ ನೋವು ಇದ್ದರೆ ಖಾರದ ಮೇಲೆ ಹೊರಿಸಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಾಲ್ಸಾ ಹಳಸಿದಂತಿತ್ತು, ಕೇಳಿದ್ದಕ್ಕೆ ಉಡಾಫೆಯ ಮಾತು. ಟಿಪ್ ಕೊಡದೆ ಬಂದೆ. ಇನ್ನೇನು ಮಾಡಬಹುದಿತ್ತು?
– ಒಬ್ಬ ಓದುಗರು, ನ್ಯೂಜೆರ್ಸಿ

ಉತ್ತರ: ಟಿಪ್ ನಿಮ್ಮ ಇಷ್ಟ, ಆದರೆ ಆ ಸಾಲ್ಸಾ ಅರೆದದ್ದು ವೇಟರ್ ಅಲ್ಲ. ಹಳಸಿದ ವಾಸನೆ ಬಂದರೆ ಬಿಟ್ಟುಬಿಡಿ. ವಾಸನೆ ಬರದಿದ್ದರೂ ಸುರಕ್ಷಿತ ಎನ್ನುವಂತಿಲ್ಲ. 2003ರಲ್ಲಿ ಪೆನ್ಸಿಲ್ವೇನಿಯದ ಒಂದು ಮೆಕ್ಸಿಕನ್ ರೆಸ್ಟೋರೆಂಟ್‌ನಲ್ಲಿ ಪುಕ್ಕಟೆಯಾಗಿ ಬಡಿಸುತ್ತಿದ್ದ ಸಾಲ್ಸಾದಲ್ಲಿದ್ದ ಹಸಿ ಈರುಳ್ಳಿ ಸೊಪ್ಪಿನಿಂದ ಸುಮಾರು 600 ಮಂದಿಗೆ ಹೆಪಟೈಟಿಸ್ ಎ ಬಂತು, ಮೂವರು ತೀರಿಕೊಂಡರು. ಆ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಹಿಡಿಯುತ್ತದೆ. ಆದರೆ ತಿಂದ 14 ದಿನದೊಳಗೆ ಅದನ್ನು ತಡೆಯುವ ಚುಚ್ಚುಮದ್ದು ಸಿಗಬೇಕು. ವಿಷಯ ಹೊರಬಿದ್ದದ್ದರಿಂದ ಅಂದು ಸಾವಿರಾರು ಜನರಿಗೆ ಹೊತ್ತಿಗೆ ಸರಿಯಾಗಿ ಅದನ್ನು ಕೊಡಲಾಯಿತು.

ಹೀಗಾಗಿ ಕಾಯಿಲೆ ಬಿದ್ದರೆ ನಿಮ್ಮ ಪ್ರದೇಶದ ಆರೋಗ್ಯ ಇಲಾಖೆಗೆ ತಿಳಿಸಿ. ಊಟದ ದಿನ, ಹೊತ್ತು, ಯಾರು ಏನು ತಿಂದರು, ಯಾರಿಗೆ ಎಷ್ಟು ಗಂಟೆಗೆ ಏನಾಯಿತು ಎಂದು ಬರೆದಿಡಿ, ಬಿಲ್ ಕಾದಿಡಿ. ಸಂಬಂಧವಿಲ್ಲದ ಎರಡು ಮನೆಗಳಿಂದ ಒಂದೇ ಬಗೆಯ ದೂರು ಬಂದರೆ ಇನ್‌ಸ್ಪೆಕ್ಟರ್ ಥರ್ಮಾಮೀಟರ್ ಹಿಡಿದು ಅಡುಗೆಮನೆಗೆ ಹೋಗುತ್ತಾರೆ. ಸೇವೆ ಒರಟಾಗಿತ್ತು ಎಂಬುದನ್ನು ಅಲ್ಲಿ ಬರೆಯುವ ಅಗತ್ಯವಿಲ್ಲ. ಸಾಲ್ಸಾ ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.